ಮಕ್ಕಳಿಗೆ ಸ್ಕೀಯಿಂಗ್, ಮಾವನವರಿಗೆ ಹಿಮ, ನಮಗೆ ಅಡಿಕೆ ಕೊಯ್ಲು: ಯಾವ ಊರಿಗೆ ಹೋಗುವುದು?

ತೀರ್ಥಹಳ್ಳಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಆರು ಜನ. ನಾನು, ನಮ್ಮನೆಯವರು, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಅತ್ತೆ, ಮಾವ. ಈ ಸಲ ಅಡಿಕೆ ರೇಟು ಪರವಾಗಿಲ್ಲ. ಎಲ್ಲರೂ ಒಟ್ಟಿಗೆ ಒಂದ್ಸಲ ಹೊರದೇಶ ನೋಡಿ ಬರೋಣ ಅಂತ ಮಾವನವರೇ ಹೇಳಿದ್ದಾರೆ. ಅವರ ಮನಸ್ಸು ಬದಲಾಗುವ ಮೊದಲು ಟಿಕೆಟ್ ಮಾಡಬೇಕು.

ಮಕ್ಕಳಿಗೆ ಸ್ಕೀಯಿಂಗ್ ಕಲಿಯಬೇಕಂತೆ. ಮಾವನವರಿಗೆ ಹಿಮ ಕೈಯಲ್ಲಿ ಹಿಡಿದು ನೋಡಿದರೆ ಸಾಕು. ಅತ್ತೆಗೆ ಮಂಡಿ ನೋವು, ಬಿಪಿ ಮಾತ್ರೆಯೂ ಇದೆ. ನಾವು ಮೊಟ್ಟೆ ಕೂಡ ತಿನ್ನುವವರಲ್ಲ.

ಶಿವಮೊಗ್ಗದಲ್ಲಿ ಒಬ್ಬ ಏಜೆಂಟ್ ಪ್ಯಾಕೇಜ್ ಕೊಟ್ಟಿದ್ದಾರೆ. ದಿನಕ್ಕೊಂದು ಊರು, ದಿನಾ ಬಸ್ಸು. ಸ್ಕೀಯಿಂಗ್ ಇರುವುದು ಅವರ ಕಾಗದದ ಮೇಲಿನ ಫೋಟೋದಲ್ಲಿ ಮಾತ್ರ. ಕೇಳಿದರೆ "ಅಲ್ಲಿ ಹೋಗಿ ನೋಡಿಕೊಳ್ಳಬಹುದು ಮೇಡಂ" ಅಂದರು. ಜಾರ್ಜಿಯಾ, ಕಜಕಿಸ್ತಾನ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಜಪಾನ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೋಗಿ ಬಂದವರು, ಗೊತ್ತಿದ್ದವರು ಹೇಳಿ.

ಸಾಗರದ ಮಾಣಿ

ಕಣ್ಣು ಮುಚ್ಚಿಕೊಂಡು ಅಲ್ಮಾಟಿಗೆ ಹೋಗಿ ಅಕ್ಕ. ಕಜಕಿಸ್ತಾನಕ್ಕೆ 2022ರಿಂದ ನಮ್ಮವರಿಗೆ 14 ದಿನದವರೆಗೆ ವೀಸಾನೇ ಬೇಡ. ದೆಹಲಿಯಿಂದ ನೇರ ವಿಮಾನ ಇದೆ, ನಾಲ್ಕು ಗಂಟೆಯ ಒಳಗೆ ಇಳಿಸುತ್ತದೆ. ಊರಿನ ಪಕ್ಕದಲ್ಲೇ ಮೆಡೆಯು ಅಂತ ಜಾಗ, ಅಲ್ಲಿ ದೊಡ್ಡ ಐಸ್ ಸ್ಕೇಟಿಂಗ್ ರಿಂಕ್. ಅಲ್ಲಿಂದ ಗೊಂಡೊಲಾ, ಅಂದರೆ ತಂತಿಯ ಮೇಲೆ ಹೋಗುವ ಗೂಡು, ಹತ್ತಿದರೆ ಶಿಮ್ಬುಲಾಕ್ ಅನ್ನುವ ಸ್ಕೀಯಿಂಗ್ ಬೆಟ್ಟ. ಬೆಟ್ಟದ ಬುಡ 2,260 ಮೀಟರ್, ಮೇಲೆ ಸುಮಾರು 3,200 ಮೀಟರ್.

ಇದರ ದೊಡ್ಡ ಅನುಕೂಲ ಏನು ಅಂದರೆ, ನೀವು ಉಳಿಯುವುದು ಪಟ್ಟಣದಲ್ಲಿ. ಬೆಳಿಗ್ಗೆ ಮೇಲೆ ಹೋಗಿ ಸಂಜೆ ಇಳಿಯಬಹುದು. ಅತ್ತೆಯವರಿಗೆ ಬೇಜಾರಾದರೆ ಊರೊಳಗೆ ಪಾರ್ಕು, ಬಜಾರು ಎಲ್ಲ ಇದೆ. ಅಲ್ಲಿ ನಮ್ಮ ಕಡೆಯ ಮೆಡಿಕಲ್ ಓದುವ ಹುಡುಗರು ಜಾಸ್ತಿ, ಹಾಗಾಗಿ ಅನ್ನ ಸಾರಿಗೆ ಮೋಸವಿಲ್ಲ. ಲೋಕಲ್ ಹೋಟೆಲಿನಲ್ಲಿ ಮಾತ್ರ ಕೇಳಿ ತಿನ್ನಿ. ಅಲ್ಲಿ ಕುದುರೆ ಮಾಂಸ ಮಾಮೂಲಿ ಊಟ.

ಹೊಸನಗರ ಟು ಮ್ಯೂನಿಕ್

ಮಾಣಿ ಹೇಳಿದ್ದು ತಪ್ಪೇನಲ್ಲ. ಆದರೆ ಎಲ್ಲಿಗೆ ಅನ್ನುವ ಮೊದಲು ಯಾವಾಗ ಅನ್ನುವುದು ಗೊತ್ತಾಗಬೇಕು. ಮೇಡಂ, ನಿಮಗೆ ಯಾವ ತಿಂಗಳು ಬಿಡುವು? ಡಿಸೆಂಬರ್ ಕೊನೆ, ಜನವರಿ, ಫೆಬ್ರವರಿ, ಏಪ್ರಿಲ್, ಇವು ನಾಲ್ಕಕ್ಕೂ ಬೇರೆ ಬೇರೆ ಉತ್ತರ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಯೂರೋಪಿನಲ್ಲಿ ರೂಮಿನ ರೇಟು ಆಕಾಶದಲ್ಲಿ ಇರುತ್ತದೆ. ಫೆಬ್ರವರಿಯಲ್ಲಿ ಇಲ್ಲಿನ ಶಾಲೆಗಳಿಗೆ ರಜೆ, ಆಗಲೂ ಜನವೋ ಜನ. ಜನವರಿ ಮೊದಲ ವಾರ ಕಳೆದ ಮೇಲೆ ಬೆಟ್ಟ ಖಾಲಿ, ಹಿಮ ಚೆನ್ನಾಗಿರುತ್ತದೆ, ರೇಟೂ ಇಳಿದಿರುತ್ತದೆ. ಬರುವುದಾದರೆ ಅದೇ ಒಳ್ಳೆಯ ಸಮಯ.

ತೀರ್ಥಹಳ್ಳಿ ಸೊಸೆ

ಅಯ್ಯೋ ಅಣ್ಣ, ಹೊಸನಗರದವರಾಗಿ ಜನವರಿ ಅಂತೀರಲ್ಲ! ಆಗ ಮನೆ ಅಂಗಳದ ತುಂಬ ಅಡಿಕೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು ಬಂದ ದಿನ ನಾವು ಮನೆಯಲ್ಲಿ ಇರಲೇಬೇಕು. ಸುಲಿಸುವುದು, ಬೇಯಿಸುವುದು, ಒಣಗಿಸುವುದು ಮುಗಿಯುವಾಗ ಫೆಬ್ರವರಿ ಆಗುತ್ತದೆ. ಆಮೇಲೆ ಮಕ್ಕಳ ಪರೀಕ್ಷೆ. ಜೂನಿನಿಂದ ಮಳೆ, ಕೊಳೆರೋಗಕ್ಕೆ ಮದ್ದು ಹೊಡೆಸುವುದು. ದಸರಾ ರಜೆಯಲ್ಲಿ ಹಬ್ಬ, ಅದರ ಬೆನ್ನಿಗೇ ಮತ್ತೆ ಕೊಯ್ಲು. ನಮಗೆ ಪುರುಸೊತ್ತು ಅಂತ ಇರುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಾತ್ರ.

ಕೊಪ್ಪದ ಕಾಫಿ

ನಮ್ಮದೂ ಇದೇ ಹಾಡು. ಡಿಸೆಂಬರಿನಿಂದ ಕಾಫಿ ಹಣ್ಣು ಕೊಯ್ಲು, ಆಮೇಲೆ ಹೂವಿನ ಮಳೆಗೆ ಕಾಯುವುದು. ಆದರೆ ನಿಮಗೊಂದು ದಾರಿ ಇದೆ. ಒಂದು ವರ್ಷ ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟುಬಿಡಿ. ಹಸಿ ಅಡಿಕೆ ಅವರು ಕೊಯ್ದುಕೊಂಡು ಹೋಗುತ್ತಾರೆ, ನೀವು ಜನವರಿಯಲ್ಲಿ ಆರಾಮಾಗಿ ಹೋಗಿ ಬನ್ನಿ. 

ತೀರ್ಥಹಳ್ಳಿ ಸೊಸೆ

ಈ ಮಾತು ಮಾವನವರ ಕಿವಿಗೆ ಬಿದ್ದರೆ ಹೊರದೇಶವೇ ಕ್ಯಾನ್ಸಲ್ ಆಗುತ್ತದೆ ಮಾರಾಯ್ರೆ. ಚೇಣಿ ಬೇಡ.

ವಿನೋಬನಗರ ರಿಟೈರ್ಡ್

ಎಲ್ಲ ಓದಿದೆ. ಇಷ್ಟೆಲ್ಲ ಒದ್ದಾಟ ಯಾಕೆ? ಗುಲ್ಮಾರ್ಗ್ ಇಲ್ಲವೇ? 2,650 ಮೀಟರಿನಲ್ಲಿ ಊರು, ಗೊಂಡೊಲಾದ ಎರಡನೇ ಹಂತ ಅಫರ್ವಟ್ ಬೆಟ್ಟದ ಮೇಲೆ 3,900 ಮೀಟರಿನ ಆಚೆಗೆ ಹೋಗುತ್ತದೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಊಟದ ಚಿಂತೆ ಇಲ್ಲ. ಮಕ್ಕಳಿಗೆ ಹಿಮ ಕಂಡರೆ ಸಾಕು, ಅದು ಯಾವ ದೇಶದ್ದು ಅಂತ ಅವರೇನು ಕೇಳುತ್ತಾರಾ?

ಸಾಗರದ ಮಾಣಿ

ಕೇಳುತ್ತಾರೆ ಸರ್. ಏಳನೇ ಕ್ಲಾಸಿನವರು ಖಂಡಿತ ಕೇಳುತ್ತಾರೆ.

ಹೊಸನಗರ ಟು ಮ್ಯೂನಿಕ್

ಗುಲ್ಮಾರ್ಗ್ ಒಳ್ಳೆಯ ಜಾಗವೇ. ಪಳಗಿದವರು ಅಲ್ಲಿಗೆ ದೂರದೂರದಿಂದ ಬರುತ್ತಾರೆ. ಆದರೆ ಏಪ್ರಿಲ್ ಮಧ್ಯದ ಹೊತ್ತಿಗೆ ಕೆಳಗಿನ ಕಲಿಯುವ ಜಾಗದ ಹಿಮ ಕರಗುತ್ತಾ ಬಂದಿರುತ್ತದೆ. ಉಳಿಯುವುದು ಮೇಲಿನ ಎತ್ತರದ್ದು. ಅದು ಎರಡನೇ ಕ್ಲಾಸಿನ ಹುಡುಗ ಕಲಿಯುವ ಜಾಗವಲ್ಲ.

ಈಗ ಏಪ್ರಿಲ್ ಅಂತ ಗೊತ್ತಾಯಿತಲ್ಲ, ಪಟ್ಟಿ ತಾನೇ ಚಿಕ್ಕದಾಗುತ್ತದೆ. ಹೆಚ್ಚಿನ ಊರುಗಳು ಈಸ್ಟರ್ ಹೊತ್ತಿಗೆ ಅಂಗಡಿ ಮುಚ್ಚುತ್ತವೆ. ಶಿಮ್ಬುಲಾಕ್, ಜಾರ್ಜಿಯಾದ ಗುಡೌರಿ ಕೂಡ ಏಪ್ರಿಲಿನಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿರುತ್ತವೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾದಲ್ಲಿ ಜೂನಿನಿಂದ ಶುರು, ಅದು ನಿಮ್ಮ ಮದ್ದು ಹೊಡೆಯುವ ಕಾಲ. ಹಾಗಾಗಿ ಉಳಿಯುವುದು ಎರಡು ತರಹದ ಜಾಗ. ಒಂದು, ಊರೇ ಎತ್ತರದಲ್ಲಿರುವುದು. ಫ್ರಾನ್ಸಿನ ವಾಲ್ ತೊರಾನ್ಸ್ 2,300 ಮೀಟರಿನಲ್ಲಿದೆ, ಮೇ ಮೊದಲ ವಾರದವರೆಗೂ ನಡೆಯುತ್ತದೆ. ಆದರೆ ಅಲ್ಲಿ ಸ್ಕೀ ಮಾಡದವರಿಗೆ ಮಾಡಲು ಕೆಲಸವಿಲ್ಲ. ಅತ್ತೆ ಮಾವ ಇಡೀ ದಿನ ರೂಮಿನಲ್ಲಿ ಟಿವಿ ನೋಡಬೇಕು, ಅದೂ ಫ್ರೆಂಚಿನಲ್ಲಿ. ಇನ್ನೊಂದು, ಕೆಳಗೆ ಬೆಚ್ಚಗಿನ ಊರು, ಮೇಲೆ ಹಿಮನದಿ. ನಿಮಗೆ ಬೇಕಾದದ್ದು ಇದು.

ಹಿಮನದಿ ಅಂದರೆ ವರ್ಷಾನುಗಟ್ಟಲೆ ಬಿದ್ದ ಹಿಮ ಒತ್ತಿ ಒತ್ತಿ ಮಂಜುಗಡ್ಡೆಯಾಗಿ ಬೆಟ್ಟದ ಮೇಲೆ ಕೂತಿರುವುದು. ಅದರ ಮೇಲೆ ಬಿದ್ದ ಹಿಮ ಬೇಗ ಹೋಗುವುದಿಲ್ಲ. ಆಸ್ಟ್ರಿಯಾದ ಹಿಂಟರ್‌ಟುಕ್ಸ್, ಸ್ವಿಟ್ಜರ್ಲೆಂಡಿನ ಜೆರ್ಮಾಟ್ ವರ್ಷವಿಡೀ ಸ್ಕೀಯಿಂಗ್ ನಡೆಸುವುದು ಇದರಿಂದಲೇ. ಸ್ಟೂಬಾಯ್ ಹಿಮನದಿ ಮೇ ತನಕ ಆರಾಮಾಗಿ ಸಿಗುತ್ತದೆ.

ನಿಮ್ಮ ಆರು ಜನರಿಗೆ ನನ್ನ ಕಣ್ಣಿಗೆ ಬೀಳುವುದು ಆಸ್ಟ್ರಿಯಾದ ಜೆಲ್ ಆಮ್ ಜೇ. ದೊಡ್ಡ ಕೆರೆ, ಅದರ ದಡದಲ್ಲಿ ಊರು, ಎತ್ತರ ಸುಮಾರು 750 ಮೀಟರ್. ನಮ್ಮ ಕೊಡಚಾದ್ರಿಗಿಂತ ತಗ್ಗು! ಏಪ್ರಿಲಿನಲ್ಲಿ ಅಲ್ಲಿ ಹುಲ್ಲು ಹಸಿರಾಗಿರುತ್ತದೆ, ಹೂವು ಬಿಟ್ಟಿರುತ್ತದೆ. ಪಕ್ಕದ ಕಾಪ್ರೂನ್ ಊರಿನಿಂದ ಕೇಬಲ್ ಕಾರು ಹತ್ತಿದರೆ ಕಿಟ್ಸ್‌ಸ್ಟೈನ್‌ಹಾರ್ನ್ ಹಿಮನದಿ. ತುದಿಯ ನಿಲ್ದಾಣ 3,029 ಮೀಟರ್. ಆಸ್ಟ್ರಿಯಾದಲ್ಲಿ ಹಿಮನದಿಯ ಮೇಲೆ ಸ್ಕೀಯಿಂಗ್ ಶುರುವಾಗಿದ್ದೇ ಇಲ್ಲಿ, 1965ರಲ್ಲಿ. ಮೇಲೆ ಅಗಲವಾದ, ಕಡಿಮೆ ಇಳಿಜಾರಿನ ಜಾಗಗಳಿವೆ. ಮಾವನವರು ಸ್ಕೀ ಕಟ್ಟದೆ ಬರೀ ಟಿಕೆಟ್ ತೆಗೆದುಕೊಂಡು ತುದಿಗೆ ಹೋಗಿ ಹಿಮ ಹಿಡಿದು, ಕಾಫಿ ಕುಡಿದು ಇಳಿಯಬಹುದು. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆ. ಇಲ್ಲಿಂದ ರೈಲಿನಲ್ಲಿ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ.

ಒಂದೇ ಮಾತು ನೆನಪಿಡಿ. ಏಪ್ರಿಲಿನ ಹಿಮ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಒಂದು ಗಂಟೆಗೆ ರೊಚ್ಚೆ. ಹಾಗಾಗಿ ಎಂಟೂವರೆಗೆ ಮೇಲೆ ಇರಬೇಕು, ಊಟದ ಹೊತ್ತಿಗೆ ಇಳಿದುಬಿಡಬೇಕು. ಮಧ್ಯಾಹ್ನ ಎಲ್ಲರೂ ಸೇರಿ ಕೆರೆ ಸುತ್ತಬಹುದು. ಸ್ಕೀ ಮಾಡುವವರು, ಮಾಡದವರು ಇಡೀ ದಿನ ಬೇರೆ ಬೇರೆ ಆಗುವ ತಾಪತ್ರಯ ಇಲ್ಲ.

ವಿನೋಬನಗರ ರಿಟೈರ್ಡ್

ಕಾಪ್ರೂನ್ ಅಂದಿರಾ? 2000ನೇ ಇಸವಿಯಲ್ಲಿ ಅಲ್ಲೇ ಅಲ್ವಾ ಸುರಂಗದ ರೈಲಿಗೆ ಬೆಂಕಿ ಬಿದ್ದು 155 ಜನ ಸತ್ತದ್ದು? ಪೇಪರಿನಲ್ಲಿ ಓದಿದ ನೆನಪು ಇನ್ನೂ ಇದೆ.

ಹೊಸನಗರ ಟು ಮ್ಯೂನಿಕ್

ಹೌದು ಸರ್, ಅಲ್ಲೇ, ನವೆಂಬರ್ 11ರಂದು. ಆ ಸುರಂಗ ರೈಲು ಮತ್ತೆ ಜನರನ್ನು ಹತ್ತಿಸಲೇ ಇಲ್ಲ. ಈಗ ಹೋಗುವುದು ಸುರಂಗದಲ್ಲಲ್ಲ, ಗಾಳಿಯಲ್ಲಿ ತೂಗುವ ಕೇಬಲ್ ಕಾರಿನಲ್ಲಿ. ನೀವು ಕೇಳಿದ್ದು ಒಳ್ಳೆಯದಾಯಿತು.

ದುರ್ಗಿಗುಡಿ ಡಾಕ್ಟರ್

ಅತ್ತೆಯವರ ವಿಷಯಕ್ಕೆ ನಾಲ್ಕು ಮಾತು. 3,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆ. ಶಿವಮೊಗ್ಗ ಇರುವುದು 570 ಮೀಟರ್ ಹತ್ತಿರ. ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಕೇಬಲ್ ಕಾರು ನಿಮ್ಮನ್ನು ಅರ್ಧ ಗಂಟೆಯಲ್ಲಿ ಅದಕ್ಕಿಂತ ಸಾವಿರ ಮೀಟರ್ ಮೇಲೆ ಬಿಡುತ್ತದೆ. ಒಂದೆರಡು ಗಂಟೆ ಇದ್ದು ಇಳಿಯುವುದಾದರೆ ಬಿಪಿ ಹಿಡಿತದಲ್ಲಿರುವವರಿಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಎತ್ತರದಲ್ಲಿ ಮಲಗುವುದು ಬೇರೆ ವಿಷಯ. ಅದಕ್ಕೇ ತಗ್ಗಿನ ಊರಿನಲ್ಲಿ ಉಳಿಯುವ ಸಲಹೆ ನನಗೆ ಹಿಡಿಸಿತು. ಹೊರಡುವ ಮೊದಲು ಅವರನ್ನು ನೋಡುತ್ತಿರುವ ಡಾಕ್ಟರಿಗೆ ತೋರಿಸಿ, ಹೃದಯದ ತೊಂದರೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಮೇಲೆ ಹೋದಾಗ ನಿಧಾನ ನಡೆಯಲಿ, ನೀರು ಕುಡಿಯುತ್ತಿರಲಿ. ತಲೆಸುತ್ತು, ವಾಕರಿಕೆ ಬಂದರೆ ಇಳಿಯುವುದೇ ಔಷಧಿ.

ಬಿಸಿಲಿನ ವಿಷಯ ಯಾರೂ ಹೇಳಲಿಲ್ಲ. ಹೊಸ ಹಿಮ ಯುವಿ ಕಿರಣದ ನೂರಕ್ಕೆ ಎಂಬತ್ತರಷ್ಟನ್ನು ವಾಪಸ್ ಮುಖಕ್ಕೇ ಹೊಡೆಯುತ್ತದೆ. ಎತ್ತರ ಒಂದೊಂದು ಸಾವಿರ ಮೀಟರ್ ಏರಿದಂತೆ ಕಿರಣವೂ ನೂರಕ್ಕೆ ಹತ್ತರಷ್ಟು ಹೆಚ್ಚು. ಚಳಿ ಅಂತ ಸನ್‌ಸ್ಕ್ರೀನ್ ಬಿಟ್ಟು ಹೋಗಬೇಡಿ. ಆರು ಜನರಿಗೂ ಒಳ್ಳೆಯ ಕಪ್ಪು ಕನ್ನಡಕ ಬೇಕು, ಜಾತ್ರೆಯಲ್ಲಿ ಸಿಗುವಂಥದ್ದು ಬೇಡ.

ನಿಮಗೆ, ನಿಮ್ಮವರಿಗೆ: ಸ್ಕೀಯಿಂಗಿನಲ್ಲಿ ಪೆಟ್ಟು ಜಾಸ್ತಿ ಬೀಳುವುದು ಮಂಡಿಗೆ. ಎರಡೂ ಕಾಲಿಗೆ ಒಂದೇ ಹಲಗೆ ಕಟ್ಟುವ ಸ್ನೋಬೋರ್ಡಿನಲ್ಲಿ ಮಣಿಕಟ್ಟಿಗೆ. ಈಗಿನಿಂದಲೇ ಬಸ್ಕಿ ಹೊಡೆಯಿರಿ, ತಮಾಷೆಗೆ ಹೇಳುತ್ತಿಲ್ಲ.

ಕೊನೆಯದಾಗಿ, ಎಲ್ಲಿ ಉಳಿದರೂ ರೂಮಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ ಕೇಳಿ. 2024ರ ಡಿಸೆಂಬರಿನಲ್ಲಿ ಜಾರ್ಜಿಯಾದ ಗುಡೌರಿಯಲ್ಲಿ ಒಂದೇ ಕಟ್ಟಡದಲ್ಲಿ ಮಲಗಿದ್ದ 12 ಜನ ಏಳಲೇ ಇಲ್ಲ, ಅವರಲ್ಲಿ 11 ಮಂದಿ ನಮ್ಮ ದೇಶದವರು. ಮುಚ್ಚಿದ ಜಾಗದಲ್ಲಿ ಜನರೇಟರ್ ಓಡುತ್ತಿತ್ತು. ಕಿಟಕಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿದಾಗ ನಮ್ಮ ಊರಲ್ಲಿ ಆಗುವ ಸಾವೂ ಇದೇ ಅನಿಲದಿಂದ.

ಆಗುಂಬೆ ಮಳೆ

ನಾನು ಜಪಾನಿನಲ್ಲಿ ಕೆಲಸ ಮಾಡಿ ಬಂದವಳು. ಜನವರಿ ಆಗಿದ್ದರೆ ಹೊಕ್ಕೈಡೋ ದ್ವೀಪದ ನಿಸೆಕೊ ಅಂತಿದ್ದೆ. ಸೈಬೀರಿಯಾದ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ನೀರು ಹೀರಿಕೊಂಡು ಬಂದು ಅಲ್ಲಿ ಸುರಿಯುತ್ತದೆ. ಅರಬ್ಬಿ ಸಮುದ್ರದ ಮೋಡ ಆಗುಂಬೆಗೆ ಬಡಿಯುವ ಲೆಕ್ಕವೇ, ಬೀಳುವುದು ಮಾತ್ರ ಹಿಮ. ಪುಡಿ ಅಂದರೆ ಪುಡಿ.

ಏಪ್ರಿಲ್ ಅಂದರೆ ಮಾವನವರಿಗೆ ಮಾತ್ರ ಒಂದು ಜಾಗ ಹೇಳಬಹುದು, ತತೆಯಾಮ. ಏಪ್ರಿಲ್ ಮಧ್ಯದಲ್ಲಿ ಬೆಟ್ಟದ ರಸ್ತೆಯ ಹಿಮ ಕೊರೆದು ಬಸ್ಸು ಬಿಡುತ್ತಾರೆ. ಎರಡೂ ಕಡೆ ಹಿಮದ ಗೋಡೆ, ಕೆಲವು ವರ್ಷ 20 ಮೀಟರ್ ಹತ್ತಿರ ಬರುತ್ತದೆ. ಅದರ ನಡುವೆ ನಡೆಯಬಹುದು. ಆದರೆ ಅಲ್ಲಿ ಎರಡನೇ ಕ್ಲಾಸಿನ ಮಗುವಿಗೆ ಸ್ಕೀ ಕಲಿಸುವ ವ್ಯವಸ್ಥೆ ನೆಚ್ಚಿಕೊಂಡು ಹೋಗಬೇಡಿ. ಏಪ್ರಿಲ್ 29ರಿಂದ ಮೇ 5ರವರೆಗೆ ಅವರ ಗೋಲ್ಡನ್ ವೀಕ್ ರಜೆ, ಕಾಲಿಡಲು ಜಾಗ ಇರುವುದಿಲ್ಲ. ಮತ್ತೆ ಊಟ. ತರಕಾರಿ ಸೂಪು ಅಂತ ಕೊಟ್ಟರೂ ಅದರ ಬುಡದಲ್ಲಿ ಒಣಮೀನಿನ ದಾಶಿ ಇರುತ್ತದೆ. ನಿಮ್ಮ ಅತ್ತೆಯವರನ್ನು ನೆನೆಸಿಕೊಂಡು ಹೇಳುತ್ತಿದ್ದೇನೆ, ಬೇಡ.

ತೀರ್ಥಹಳ್ಳಿ ಸೊಸೆ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ನಮ್ಮನೆಯವರು ಈಗ ಜೆರ್ಮಾಟ್ ಅಂತಿದ್ದಾರೆ. ಚಾಕಲೇಟ್ ಡಬ್ಬಿ ಮೇಲಿನ ಬೆಟ್ಟ ನೋಡಬೇಕಂತೆ. ಮಕ್ಕಳಿಗೆ ಪಾಠ ಹೇಗಿರುತ್ತದೆ ಅಂತಲೂ ಯಾರಾದರೂ ಹೇಳಿ. ಅಡಿಕೆ ಹಾಳೆ ಮೇಲೆ ಕೂತು ತೋಟದ ಇಳಿಜಾರಿನಲ್ಲಿ ಜಾರಿದ ಅನುಭವ ಬಿಟ್ಟರೆ ಅವರಿಗೆ ಬೇರೇನೂ ಗೊತ್ತಿಲ್ಲ.

ಶಿರಾಳಕೊಪ್ಪ ಅಮ್ಮ

ನಾವು ಎಂಗೆಲ್‌ಬರ್ಗ್‌ಗೆ ಹೋಗಿದ್ದೆವು, ಟಿಟ್ಲಿಸ್ ಬೆಟ್ಟದ ಬುಡದ ಊರು. ಲುಸರ್ನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಸಾವಿರ ಮೀಟರ್ ಎತ್ತರದಲ್ಲಿ ಉಳಿಯುವುದು, 3,020 ಮೀಟರಿಗೆ ಹೋಗುವುದು. ಕೊನೆಯ ಕೇಬಲ್ ಕಾರು ತನ್ನ ಸುತ್ತ ತಾನೇ ತಿರುಗುತ್ತಾ ಏರುತ್ತದೆ, 1992ರಿಂದ ಇದೆಯಂತೆ. ಅಲ್ಲಿ ನಮ್ಮವರು ಎಷ್ಟು ಜನ ಅಂದರೆ ಮೇಲೆ ಸಮೋಸ, ಚಹಾ ಸಿಗುತ್ತದೆ. ಜೆರ್ಮಾಟ್‌ಗಿಂತ ಖರ್ಚು ಕಡಿಮೆ. ಜೆರ್ಮಾಟ್ ಊರೇ 1,620 ಮೀಟರ್, ಮೇಲಿನ ನಿಲ್ದಾಣ 3,883. ನಿಮ್ಮ ಅತ್ತೆಯವರಿಗೆ ಅದು ಅತಿ. ಕಾರು ಬಿಡದ ಊರು, ಸಾಮಾನು ಎಳೆದುಕೊಂಡು ಹೋಗುವುದೂ ಒಂದು ಕೆಲಸ.

ಪಾಠದ ವಿಷಯ. ಮೂರು ನಾಲ್ಕು ವರ್ಷದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ, ನಿಮ್ಮ ಮಗನದ್ದು ಸರಿಯಾದ ವಯಸ್ಸು. ಮೊದಲು ನೆಲಕ್ಕೆ ಹಾಸಿದ ಬೆಲ್ಟಿನ ಮೇಲೆ ನಿಲ್ಲಿಸಿ ಮೇಲೆ ಕಳಿಸುತ್ತಾರೆ, ಅದಕ್ಕೆ ಮ್ಯಾಜಿಕ್ ಕಾರ್ಪೆಟ್ ಅನ್ನುತ್ತಾರೆ. ಸ್ಕೀ ಮುಂದಿನ ತುದಿ ಹತ್ತಿರ ತಂದರೆ ಪಿಜ್ಜಾ, ಅದು ಬ್ರೇಕು. ಎರಡೂ ನೇರ ಇಟ್ಟರೆ ಫ್ರೆಂಚ್ ಫ್ರೈಸ್, ಅದು ಓಟ. ನನ್ನ ಮಗ ಮೊದಲ ದಿನ ಅತ್ತು ರಂಪ ಮಾಡಿದ. ಬೂಟು ಕಬ್ಬಿಣದ ಹಾಗೆ ಗಟ್ಟಿ, ಗಾಳಿ ಬೇರೆ. ಎರಡನೇ ದಿನ ಊಟಕ್ಕೆ ಕರೆದರೂ ಬರಲಿಲ್ಲ. ಹಾಗಾಗಿ ಒಂದು ದಿನದ ಪಾಠ ತೆಗೆದುಕೊಳ್ಳಬೇಡಿ, ದುಡ್ಡು ದಂಡ. ಕಡಿಮೆ ಅಂದರೂ ಮೂರು ದಿನ ಸಾಲಾಗಿ ಇರಲಿ. ಇಂಗ್ಲಿಷ್ ಮಾತಾಡುವ ಟೀಚರ್ ಬೇಕು ಅಂತ ಬುಕ್ ಮಾಡುವಾಗಲೇ ಬರೆಯಿರಿ. ನಿಮ್ಮ ಮಗಳು ಗುಂಪಿನಲ್ಲಿ ಕಲಿತಾಳು, ಸಣ್ಣವನಿಗೆ ಒಂದು ಗಂಟೆ ಬೇರೆಯಾಗಿ ಹೇಳಿಸಿದರೆ ಒಳ್ಳೆಯದು.

ಏಪ್ರಿಲಿನಲ್ಲಿ ಕೆಳಗಿನ ಮಕ್ಕಳ ಜಾಗ ತೆರೆದಿರುತ್ತದಾ, ಪಾಠ ಎಲ್ಲಿ ನಡೆಯುತ್ತದೆ ಅಂತ ಸ್ಕೀ ಸ್ಕೂಲಿಗೇ ಮೇಲ್ ಹಾಕಿ. ಇದನ್ನು ಏಜೆಂಟನ್ನು ಕೇಳಬೇಡಿ. ನಮಗೆ ಸಿಕ್ಕವರು ಎಲ್ಲದಕ್ಕೂ ಹೌದು ಅನ್ನುತ್ತಿದ್ದರು.

ಕೊಪ್ಪದ ಕಾಫಿ

ಬಟ್ಟೆಗೆ ಎಂತ ಮಾಡುವುದು? ನಮ್ಮ ಕಂಬಳಿ ನಡೆಯುತ್ತದಾ?

ಶಿರಾಳಕೊಪ್ಪ ಅಮ್ಮ

ಹೊದ್ದು ಮಲಗಲು ನಡೆಯುತ್ತದೆ. ಹಿಮಕ್ಕೆ ಬೀಳುವವರಿಗೆ ನೀರು ಇಳಿಯದ ಪ್ಯಾಂಟು, ಜಾಕೆಟ್ ಬೇಕೇ ಬೇಕು. ಜೀನ್ಸ್ ಬೇಡ, ಒದ್ದೆಯಾದರೆ ಅದರಷ್ಟು ಚಳಿ ಬೇರೊಂದಿಲ್ಲ. ಒಳಗೆ ತೆಳು ಥರ್ಮಲ್, ಮೇಲೆ ಸ್ವೆಟರು. ಕಾಲುಚೀಲ ಒಂದೇ ಜೊತೆ, ಉಣ್ಣೆಯದ್ದು. ಎರಡೆರಡು ಹಾಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಕೈಗವಸು ಮಕ್ಕಳಿಗೆ ಎರಡು ಜೊತೆ, ಒಂದು ಕಳೆದೇ ಹೋಗುತ್ತದೆ. ಇವನ್ನೆಲ್ಲ ಬೆಂಗಳೂರಿನಲ್ಲೇ ಕೊಳ್ಳಿ. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ. ಬೂಟು ಸ್ಕೀಗೆ ಕಚ್ಚುವ ಬಕಲ್ಲನ್ನು ತೂಕ, ಎತ್ತರ, ವಯಸ್ಸು ಕೇಳಿ ಬಿಗಿ ಮಾಡುತ್ತಾರೆ. ಬಿದ್ದಾಗ ಸ್ಕೀ ಕಳಚಿಕೊಳ್ಳಬೇಕು, ಇಲ್ಲದಿದ್ದರೆ ಕಾಲು ತಿರುಚುತ್ತದೆ. ತೂಕ ಕಡಿಮೆ ಹೇಳುವ ನಾಚಿಕೆ ಅಲ್ಲಿ ಬೇಡ!

ಹೊಸನಗರ ಟು ಮ್ಯೂನಿಕ್

ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಲ್ಲಿ ಇಳಿಜಾರಿನ ದಾರಿಗೆ ನೀಲಿ ಬೋರ್ಡು ಇದ್ದರೆ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಫ್ರಾನ್ಸಿನಲ್ಲಿ ನೀಲಿಗಿಂತ ಸುಲಭದ್ದು ಹಸಿರು. ಅಮೆರಿಕದಲ್ಲಿ ಹಸಿರು ಸುಲಭ, ನೀಲಿಯೇ ಮಧ್ಯಮ. ಅಮೆರಿಕದ ಯಾವುದೋ ವೀಡಿಯೋ ನೋಡಿಕೊಂಡು ಬಂದರೆ ಗೊಂದಲ ಆಗುತ್ತದೆ. ಮತ್ತೆ ಎಲ್ಲ ದೇಶಕ್ಕೂ ಒಂದೇ ನಿಯಮ: ಮುಂದೆ, ಕೆಳಗೆ ಇರುವವರಿಗೆ ದಾರಿ. ಹಿಂದಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ನಮ್ಮ ಶಿವಮೊಗ್ಗದ ಬಿ.ಎಚ್. ರಸ್ತೆಯ ಹಾಗೆ ಹಾರ್ನ್ ಹೊಡೆದು ಜಾಗ ಮಾಡಿಕೊಳ್ಳುವುದಿಲ್ಲ.

ಗಾಂಧಿಬಜಾರ್

ಇನ್ಶೂರೆನ್ಸ್ ಬಗ್ಗೆ ಯಾರೂ ಎತ್ತಲಿಲ್ಲ. ಯೂರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾಕ್ಕೆ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಮಾಮೂಲಿ ಟ್ರಾವೆಲ್ ಪಾಲಿಸಿಯಲ್ಲಿ ಸ್ಕೀಯಿಂಗನ್ನು ಹೊರಗಿಡುವುದೇ ಜಾಸ್ತಿ. ವೀಸಾ ಸಿಗುತ್ತದೆ, ಕಾಲು ಮುರಿದರೆ ದುಡ್ಡು ಸಿಗುವುದಿಲ್ಲ. ಚಳಿಗಾಲದ ಆಟಗಳು ಸೇರಿವೆ ಅಂತ ಪಾಲಿಸಿಯಲ್ಲಿ ಬರೆದಿರಬೇಕು. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಸೇರಿದೆಯಾ ನೋಡಿ. ಇಟಲಿಗೆ ಹೋಗುವ ಯೋಚನೆ ಬಂದರೆ ಇನ್ನೊಂದು: ಅಲ್ಲಿ 2022ರಿಂದ, ನೀವು ಬೇರೆಯವರಿಗೆ ಡಿಕ್ಕಿ ಹೊಡೆದರೆ ಕಟ್ಟಿಕೊಡುವ ವಿಮೆಯೂ ಕಡ್ಡಾಯ.

ವೀಸಾ ಫೀಸು ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೊಂದು ವರ್ಷದವರಿಗೆ 45. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೇ ಹಾಕಬೇಕು, ಇಳಿಯುವುದು ಮ್ಯೂನಿಕ್ ಆದರೂ. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು. ರಾತ್ರಿ ರೈಲಿಗೆ ಹೋಗಿ ರಾತ್ರಿ ರೈಲಿಗೆ ಬರಬಹುದು. ಹನ್ನೆರಡು ವರ್ಷದ ಒಳಗಿನವರಿಗೆ ಬೆರಳಚ್ಚು ಇಲ್ಲ. ಏಪ್ರಿಲಿಗೆ ಬೇಕಾದ ಸ್ಲಾಟು ಅಡಿಕೆ ಸುಲಿಯುವ ಹೊತ್ತಿನಲ್ಲೇ ಹಿಡಿಯಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ವಿನೋಬನಗರ ರಿಟೈರ್ಡ್

ಊಟ? ಒಂದು ವಾರ ಬ್ರೆಡ್ಡು ತಿಂದು ಬದುಕಲು ಆ ವಯಸ್ಸಿನವರಿಗೆ ಆಗುತ್ತದಾ?

ಹೊಸನಗರ ಟು ಮ್ಯೂನಿಕ್

ಹೋಟೆಲ್ ಬೇಡ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಆಸ್ಟ್ರಿಯಾದ ಹಳ್ಳಿಗಳಲ್ಲಿ ಬೇಕಾದಷ್ಟಿವೆ, ಆರು ಜನರಿಗೆ ಲೆಕ್ಕ ಹಾಕಿದರೆ ಹೋಟೆಲಿಗಿಂತ ಕಡಿಮೆ. ಅಕ್ಕಿ, ತರಕಾರಿ, ಹಾಲು, ಮೊಸರು ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ನೀವು ತನ್ನಿ. ತುಪ್ಪ, ಪೇಡ ತರಬೇಡಿ. ಯೂರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಕಸ್ಟಮ್ಸಿನವರು ಕಂಡರೆ ಎಸೆಯುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಚೆನ್ನಾಗಿ ಸೀಲ್ ಮಾಡಿ ಚೆಕ್‌ಇನ್ ಬ್ಯಾಗಿನಲ್ಲಿ ಇಡಿ. ಸೋರಿದರೆ ಆರು ಜನರ ಥರ್ಮಲ್ಲೂ ಅದೇ ವಾಸನೆ. ಬೆಟ್ಟದ ಮೇಲೆ ಏನಾದರೂ ಬೇಕೆನಿಸಿದರೆ ಚೀಸು ಬೆರೆಸಿದ ಕೇಸ್‌ಶ್ಪೆಟ್ಸ್‌ಲೆ ಸಿಗುತ್ತದೆ. ಅದರ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ನಿಮಗೆ ಆಗುವುದಿಲ್ಲ. ಆಲೂ ಫ್ರೈಸ್ ಇದ್ದೇ ಇದೆ.

ಸಾಗರದ ಮಾಣಿ

ದುಬೈ ಮೇಲೆ ಹೋಗುವ ವಿಮಾನವಾದರೆ ಒಂದು ಐಡಿಯಾ. ಅಲ್ಲಿನ ಮಾಲ್ ಒಳಗೆ 2005ರಿಂದ ಸ್ಕೀ ದುಬೈ ಇದೆ, 400 ಮೀಟರ್ ಉದ್ದದ ಇಳಿಜಾರು, ಒಳಗೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿ. ಮಕ್ಕಳನ್ನು ಒಂದು ದಿನ ಅಲ್ಲಿ ಇಳಿಸಿ ನೋಡಿ. ಚಳಿಗೆ ಹೆದರುತ್ತಾರಾ ಇಲ್ಲವಾ ಗೊತ್ತಾಗಲಿ.

ಹೊಸನಗರ ಟು ಮ್ಯೂನಿಕ್

ಹೆದರಿದರೆ ಏನು ಮಾಡುತ್ತೀರಿ ಮಾಣಿ, ದುಬೈನಿಂದಲೇ ವಾಪಸ್ ಬರುತ್ತೀರಾ? ಮುಂದಿನ ಟಿಕೆಟ್ಟಿಗೆ ದುಡ್ಡು ಕೊಟ್ಟಾಗಿರುತ್ತದೆ. ಆರು ಜನ, ಅದರಲ್ಲಿ ಇಬ್ಬರು ವಯಸ್ಸಾದವರು. ನೇರ ವಿಮಾನವೇ ಇರಲಿ.

ತೀರ್ಥಹಳ್ಳಿ ಸೊಸೆ

ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಓದಿ ಹೇಳಿದೆ. ಜೆರ್ಮಾಟ್ ಅಂತ ನಮ್ಮನೆಯವರು ಇನ್ನೊಂದು ಸಲ ಶುರು ಮಾಡಿದರು, ಡಾಕ್ಟರು ಹೇಳಿದ್ದು ಕೇಳಿದ ಮೇಲೆ ಸುಮ್ಮನಾದರು. ಅತ್ತೆ ಕೆರೆ ಇರುವ ಊರೇ ಆಗಲಿ ಅಂದರು. ಮೇಲೆ ಹತ್ತಲು ಆಗದಿದ್ದರೆ ದಡದಲ್ಲಿ ಕೂತು ದೋಣಿ ನೋಡುತ್ತೇನೆ, ನನ್ನ ಚಿಂತೆ ಮಾಡಬೇಡಿ ಅಂತ. ಮಾವನವರು ಕೇಳಿದ್ದು ಒಂದೇ ಪ್ರಶ್ನೆ, ತುದಿಯಲ್ಲಿ ಎಲೆ ಅಡಿಕೆ ಕವಳ ಹಾಕಬಹುದಾ ಅಂತ. ಯಾರಾದರೂ ಉತ್ತರ ಕೊಡಿ, ನಾನು ಹೇಳಿದರೆ ಕೇಳುವುದಿಲ್ಲ.

ಹಾಗಾಗಿ ಜೆಲ್ ಆಮ್ ಜೇ, ಏಪ್ರಿಲ್ ಮೂರನೇ ವಾರ. ಮಕ್ಕಳಿಗೆ ಮೂರು ದಿನ ಸಾಲಾಗಿ ಪಾಠ. ನಾವಿಬ್ಬರೂ ಒಂದು ದಿನ ಕಲಿಯುತ್ತೇವೆ, ಉಳಿದ ದಿನ ಅತ್ತೆ ಮಾವನ ಜೊತೆ. ಸ್ಕೀ ಸ್ಕೂಲಿಗೆ ಮೇಲ್ ಹಾಕಿದ್ದೇನೆ.

ಹೊಸನಗರ ಟು ಮ್ಯೂನಿಕ್

ಕವಳ ಹಾಕಬಹುದು, ಉಗುಳುವ ಹಾಗಿಲ್ಲ. ಬಿಳಿ ಹಿಮದ ಮೇಲೆ ಕೆಂಪು ಬಿದ್ದರೆ ರಕ್ಷಣಾ ದಳದವರು ಗಾಬರಿಯಾಗಿ ಓಡಿ ಬರುತ್ತಾರೆ, ಸುಮ್ನೆ ಯಾಕೆ.

ಬುಕ್ ಮಾಡುವ ಮೊದಲು ಆರೂ ಪಾಸ್‌ಪೋರ್ಟ್ ತೆಗೆದು ಮುಗಿಯುವ ತಾರೀಖು ನೋಡಿ. ವಾಪಸ್ ಬಂದ ಮೇಲೆ ಕಡಿಮೆ ಅಂದರೂ ಮೂರು ತಿಂಗಳು ಬಾಕಿ ಇರಬೇಕು. ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುತ್ತದೆ.

ತೀರ್ಥಹಳ್ಳಿ ಸೊಸೆ

ಈಗ ನೋಡಿದೆ. ಐದು ಸರಿ ಇವೆ. ಮಗನದ್ದು ಸಿಂಗಾಪುರಕ್ಕೆ ಹೋಗಬೇಕು ಅಂತ ಅವನು ಕೂಸಾಗಿದ್ದಾಗ ಮಾಡಿಸಿದ್ದು, ಜೂನಿಗೆ ಮುಗಿಯುತ್ತದೆ. ನಾಳೆ ಬೆಳಿಗ್ಗೆಯೇ ಹೊಸದಕ್ಕೆ ಅರ್ಜಿ ಹಾಕುತ್ತೇವೆ.